ಮೆದುಳನ್ನು ‘ಗಂಡಾಗಿಸುವುದು’ ಈಸ್ಟ್ರೋಜನ್ ಅಂತಾರಲ್ಲ, ಮನುಷ್ಯರಿಗೂ ಇದು ಅನ್ವಯವೇ?

ವರ್ಣತಂತು ಕೇಳಿದ್ದು:

ನಮಸ್ಕಾರ. ಪದವಿ ತರಗತಿಗೆ ಹಾರ್ಮೋನು ಮತ್ತು ವರ್ತನೆಯ ಪಾಠದ ಟಿಪ್ಪಣಿ ತಯಾರಾಗುತ್ತಿದೆ. ಮೂರು ಕಡೆ ಗಂಟು ಬಿದ್ದಿದೆ, ಬಲ್ಲವರು ಬಿಡಿಸಿಕೊಡಿ.

ಒಂದನೆಯದು: ಗಂಡು ಇಲಿಮರಿಯ ಮೆದುಳನ್ನು ರೂಪಿಸುವುದು ನೇರವಾಗಿ ಟೆಸ್ಟೋಸ್ಟೆರಾನ್ ಅಲ್ಲ. ಅದು ಮೆದುಳಿನೊಳಗೆ ಅರೋಮಟೇಸ್ ಕಿಣ್ವದಿಂದ ಎಸ್ಟ್ರಾಡಯಾಲ್ (ಈಸ್ಟ್ರೋಜನ್ ಗುಂಪಿನ ಮುಖ್ಯ ಹಾರ್ಮೋನು) ಆಗಿ, ಆಮೇಲೆ ಕೆಲಸ ಮಾಡುತ್ತದೆ ಎಂದು ಪಠ್ಯಗಳು ಹೇಳುತ್ತವೆ. ಸರಿ, ಆದರೆ ಬಸುರಿನ ತಾಯಿಯ ರಕ್ತದಲ್ಲಿ ಈಸ್ಟ್ರೋಜನ್ ತುಂಬಿ ತುಳುಕುತ್ತಿರುತ್ತದೆ. ಹಾಗಿದ್ದರೆ ಹೆಣ್ಣುಮರಿಗಳ ಮೆದುಳೂ ಗಂಡಾಗಬೇಕಿತ್ತಲ್ಲ?

ಎರಡನೆಯದು: ಮನುಷ್ಯರಲ್ಲೂ ಇದೇ ದಾರಿಯೇ?

ಮೂರನೆಯದು ವಿದ್ಯಾರ್ಥಿಗಳು ಕೇಳಿಯೇ ಕೇಳುವ ಪ್ರಶ್ನೆ: ವಯಸ್ಕರ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಎಷ್ಟಿದೆ ಎಂದು ನೋಡಿ ಅವರ ಕಾಮಾಸಕ್ತಿ ಎಷ್ಟು ಎಂದು ಹೇಳಬಹುದೇ?

---

ಭ್ರೂಣರೇಖೆ ಉತ್ತರ:

ಮೆದುಳಿಗೆ ಬರುವ ಮೊದಲು ದೇಹದ ಗಡಿಯಾರವನ್ನು ಟಿಪ್ಪಣಿಯಲ್ಲಿ ಹಾಕಿ. ಅದಿಲ್ಲದೆ ಮುಂದಿನದು ತಲೆಗೆ ಹತ್ತುವುದಿಲ್ಲ.

ಮಾನವ ಭ್ರೂಣದಲ್ಲಿ ಸುಮಾರು 6ನೇ ವಾರದವರೆಗೆ ಜನನಗ್ರಂಥಿ ಎರಡೂ ಕಡೆ ಹೊರಳಬಲ್ಲ ಸ್ಥಿತಿಯಲ್ಲಿರುತ್ತದೆ. ವೈ ವರ್ಣತಂತುವಿನ ಎಸ್‌ಆರ್‌ವೈ ಜೀನ್ ಆಗ ಸ್ವಲ್ಪ ಹೊತ್ತು ಕೆಲಸ ಮಾಡಿ ಸಾಕ್ಸ್9 ಎಂಬ ಜೀನನ್ನು ಎಬ್ಬಿಸುತ್ತದೆ. ಅಲ್ಲಿಂದ ಮುಂದೆ ಗ್ರಂಥಿ ವೃಷಣವಾಗುತ್ತ ಹೋಗುತ್ತದೆ. ಎಸ್‌ಆರ್‌ವೈ ಪತ್ತೆಯಾದದ್ದು 1990ರಲ್ಲಿ. ಮರುವರ್ಷವೇ ಎಕ್ಸ್‌ಎಕ್ಸ್ ಇಲಿಯ ಭ್ರೂಣಕ್ಕೆ ಈ ಒಂದೇ ಜೀನ್ ಸೇರಿಸಿ ವೃಷಣ ಬೆಳೆಸಿ ತೋರಿಸಿದರು.

ಆಮೇಲೆ ವೃಷಣದಿಂದ ಎರಡು ಬೇರೆ ಬೇರೆ ಸಂದೇಶ ಹೊರಡುತ್ತವೆ; ವಿದ್ಯಾರ್ಥಿಗಳು ಇವೆರಡನ್ನು ಕಲಸಿಬಿಡುವುದೇ ಹೆಚ್ಚು. ಸರ್ಟೋಲಿ ಕೋಶಗಳ ಆ್ಯಂಟಿ-ಮ್ಯುಲೇರಿಯನ್ ಹಾರ್ಮೋನು ಗರ್ಭಕೋಶ ಮತ್ತು ಗರ್ಭನಾಳಗಳಾಗಬೇಕಿದ್ದ ಮ್ಯುಲೇರಿಯನ್ ನಾಳವನ್ನು ಕರಗಿಸುತ್ತದೆ. ಲೇಡಿಗ್ ಕೋಶಗಳು 8–9ನೇ ವಾರದಿಂದ ಸುರಿಸುವ ಟೆಸ್ಟೋಸ್ಟೆರಾನ್ ವುಲ್ಫಿಯನ್ ನಾಳವನ್ನು ಉಳಿಸಿಕೊಂಡು ವೀರ್ಯನಾಳ, ವೀರ್ಯಕೋಶಗಳಾಗಿ ಬೆಳೆಸುತ್ತದೆ. ಹೊರಗಿನ ಅಂಗಗಳಿಗೆ ಟೆಸ್ಟೋಸ್ಟೆರಾನ್ ಒಂದೇ ಸಾಲದು. ಅಲ್ಲಿನ ಚರ್ಮದಲ್ಲೇ 5-ಆಲ್ಫಾ ರಿಡಕ್ಟೇಸ್ ಕಿಣ್ವ ಅದನ್ನು ಡೈಹೈಡ್ರೊಟೆಸ್ಟೋಸ್ಟೆರಾನ್ ಆಗಿ ಬದಲಿಸಬೇಕು. ಮೊದಮೊದಲು ಲೇಡಿಗ್ ಕೋಶಗಳನ್ನು ಚುರುಕಾಗಿಸುವುದು ಮಾಸುವಿನ ಎಚ್‌ಸಿಜಿ ಹಾರ್ಮೋನು. ಭ್ರೂಣದ ಸ್ವಂತ ಪಿಟ್ಯುಟರಿ ಕೆಲಸಕ್ಕೆ ಇಳಿಯುವುದು ಆಮೇಲೆ. ಪಿಟ್ಯುಟರಿ ಸರಿಯಿಲ್ಲದ ಗಂಡುಮಗುವಿಗೂ ಶಿಶ್ನ ಚಿಕ್ಕದಾಗಿ ಆದರೂ ಸರಿಯಾದ ಆಕಾರದಲ್ಲೇ ಇರುವುದು ಇದೇ ಕಾರಣಕ್ಕೆ: ಆಕಾರ ಮೂಡುವುದು ಮೊದಲ ಮೂರು ತಿಂಗಳಲ್ಲಿ, ಗಾತ್ರ ಹೆಚ್ಚುವುದು ಅದರ ನಂತರ.

ಈಗ ನಿಮ್ಮ ಮೊದಲ ಗಂಟು. ಇಲಿಮರಿಯ ರಕ್ತದಲ್ಲಿ ಆಲ್ಫಾ-ಫೀಟೋಪ್ರೋಟೀನ್ ಎಂಬ ಪ್ರೋಟೀನು ಹೇರಳವಾಗಿದೆ. ಅದು ಎಸ್ಟ್ರಾಡಯಾಲನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಟೆಸ್ಟೋಸ್ಟೆರಾನನ್ನು ಹಿಡಿಯುವುದಿಲ್ಲ. ಹಾಗಾಗಿ ರಕ್ತದಲ್ಲಿ ಬಂದ ಎಸ್ಟ್ರಾಡಯಾಲ್ ಮೆದುಳಿನ ಹೊಸ್ತಿಲಲ್ಲೇ ನಿಲ್ಲುತ್ತದೆ, ಟೆಸ್ಟೋಸ್ಟೆರಾನ್ ಒಳಹೋಗಿ ಅಲ್ಲೇ ಎಸ್ಟ್ರಾಡಯಾಲ್ ಆಗುತ್ತದೆ. ಈ ಪ್ರೋಟೀನಿನ ಜೀನನ್ನೇ ಕಿತ್ತುಹಾಕಿದ ಹೆಣ್ಣು ಇಲಿಗಳು ಗಂಡಿಗೆ ಸ್ಪಂದಿಸುವುದಿಲ್ಲ, ಅಂಡೋತ್ಪತ್ತಿಯೂ ಆಗುವುದಿಲ್ಲ ಎಂದು 2006ರಲ್ಲಿ ಪ್ರಕಟವಾಯಿತು. ಭ್ರೂಣದಲ್ಲಿರುವಾಗಲೇ ಅರೋಮಟೇಸ್ ತಡೆಯುವ ಔಷಧ ಕೊಟ್ಟಾಗ ಅವು ಮಾಮೂಲಿ ಹೆಣ್ಣಿಲಿಗಳಂತೆ ವರ್ತಿಸಿದವು. ಡೈಇಥೈಲ್‌ಸ್ಟಿಲ್‌ಬೆಸ್ಟ್ರಾಲ್‌ನಂಥ ಕೃತಕ ಈಸ್ಟ್ರೋಜನ್ನು ಈ ಪ್ರೋಟೀನಿಗೆ ಅಂಟುವುದಿಲ್ಲ, ಆದ್ದರಿಂದ ತಡೆಯಿಲ್ಲದೆ ಒಳನುಗ್ಗುತ್ತದೆ. ಪ್ರಯೋಗದ ಫಲಿತಾಂಶ ಓದುವಾಗ ಯಾವ ಈಸ್ಟ್ರೋಜನ್ ಕೊಟ್ಟರು ಎಂಬುದನ್ನು ಮೊದಲು ನೋಡಿ.

ಒಟ್ಟಿನಲ್ಲಿ ಹೆಣ್ಣು ಎಂದರೆ ಯಾವ ಸಂದೇಶವೂ ಬಾರದಿದ್ದಾಗ ತಾನಾಗಿ ಆಗುವುದು. ಗಂಡಿಗೆ ಮಾತ್ರ ಆಜ್ಞೆ ಬೇಕು. 1947ರ ಹೊತ್ತಿಗೆ ಆಲ್‌ಫ್ರೆಡ್ ಜೋಸ್ಟ್ ಮೊಲದ ಭ್ರೂಣಗಳ ವೃಷಣ ತೆಗೆದು ತೋರಿಸಿದ್ದು ಇದನ್ನೇ.

---

ನರಜಾಲ ಉತ್ತರ:

ಭ್ರೂಣರೇಖೆಯವರ ಕೊನೆಯ ಸಾಲಿಗೆ ತಿದ್ದುಪಡಿ. ಜೋಸ್ಟ್ ಪ್ರಯೋಗ ನಾಳಗಳ ಬಗ್ಗೆ ಹೇಳಿದ್ದನ್ನು ಇಡೀ ಹೆಣ್ತನಕ್ಕೆ ಹಿಗ್ಗಿಸಬಾರದು. ಅಂಡಾಶಯ ತಾನಾಗಿ ಆಗುವುದಿಲ್ಲ. ಆರ್‌ಸ್ಪಾಂಡಿನ್-1, ವಿಂಟ್4, ಫಾಕ್ಸ್‌ಎಲ್2 ಜೀನುಗಳು ಅದನ್ನು ಕಟ್ಟಬೇಕು, ಕಟ್ಟಿದ್ದನ್ನು ಕಾಯಲೂಬೇಕು. ವಯಸ್ಕ ಹೆಣ್ಣು ಇಲಿಯಲ್ಲಿ ಫಾಕ್ಸ್‌ಎಲ್2 ಅಳಿಸಿದರೆ ಅಂಡಾಶಯದ ಕೋಶಗಳು ವೃಷಣದ ಕೋಶಗಳಂತೆ ಬದಲಾಗುತ್ತವೆ (2009). ವುಲ್ಫಿಯನ್ ನಾಳ ಕೂಡ ಟೆಸ್ಟೋಸ್ಟೆರಾನ್ ಇಲ್ಲವೆಂದು ಸುಮ್ಮನೆ ಬಾಡುವುದಲ್ಲ, ಅದನ್ನು ತೆಗೆಯುವ ಜೀನ್ ಒಂದಿದೆ ಎಂಬುದು 2017ರಲ್ಲಿ ಗೊತ್ತಾಯಿತು.

ಮೆದುಳಿನ ವಿಷಯ. 1959ರಲ್ಲಿ ಫೀನಿಕ್ಸ್, ಗೋಯ್, ಜೆರಾಲ್, ಯಂಗ್ ಬಸುರಿ ಗಿನಿಹಂದಿಗಳಿಗೆ ಟೆಸ್ಟೋಸ್ಟೆರಾನ್ ಪ್ರೊಪಿಯೊನೇಟ್ ಕೊಟ್ಟರು. ಹುಟ್ಟಿದ ಹೆಣ್ಣುಮರಿಗಳು ದೊಡ್ಡವಾದ ಮೇಲೆ ಈಸ್ಟ್ರೋಜನ್, ಪ್ರೊಜೆಸ್ಟೆರಾನ್ ಕೊಟ್ಟರೂ ಹೆಣ್ಣಿನಂತೆ ಬೆನ್ನು ತಗ್ಗಿಸಿ ನಿಲ್ಲಲಿಲ್ಲ. ಏರುವ ವರ್ತನೆ ಹೆಚ್ಚಿತು. ಅದೇ ಹಾರ್ಮೋನನ್ನು ಮಾಮೂಲಿ ವಯಸ್ಕ ಹೆಣ್ಣಿಗೆ ಕೊಟ್ಟರೆ ಈ ಶಾಶ್ವತ ಬದಲಾವಣೆ ಆಗುವುದಿಲ್ಲ. ಎರಡು ಕಾಲ, ಎರಡು ಕೆಲಸ: ಎಳವೆಯಲ್ಲಿ ಹಾರ್ಮೋನು ತಂತಿ ಎಳೆಯುತ್ತದೆ, ದೊಡ್ಡವಾದ ಮೇಲೆ ಗುಂಡಿ ಒತ್ತುತ್ತದೆ. ಎಳೆಯದ ತಂತಿಗೆ ಎಷ್ಟು ಗುಂಡಿ ಒತ್ತಿದರೂ ದೀಪ ಹತ್ತುವುದಿಲ್ಲ.

ಇಲಿಗೆ ಈ ಕಿಟಕಿ ತೆರೆದಿರುವುದು ಬಸುರಿನ ಕೊನೆಯ ಕೆಲವು ದಿನಗಳಿಂದ ಹುಟ್ಟಿದ ಸುಮಾರು 10 ದಿನದವರೆಗೆ. 5 ದಿನದ ಹೆಣ್ಣುಮರಿಗೆ ಒಂದೇ ಒಂದು ಬಾರಿ 1.25 ಮಿ.ಗ್ರಾಂ ಟೆಸ್ಟೋಸ್ಟೆರಾನ್ ಪ್ರೊಪಿಯೊನೇಟ್ ಚುಚ್ಚಿದರೆ ಅದು ಬದುಕಿಡೀ ಅಂಡೋತ್ಪತ್ತಿ ಮಾಡುವುದಿಲ್ಲ. ಇದೇ ಹೊತ್ತಿನಲ್ಲಿ ಮೆದುಳಿನ ತಳದ ಪ್ರಿಆಪ್ಟಿಕ್ ಭಾಗದ ಒಂದು ಕೋಶಗುಚ್ಛ ಹೆಣ್ಣಿನಲ್ಲಿ ಸಾಯುತ್ತದೆ, ಗಂಡಿನಲ್ಲಿ ಉಳಿಯುತ್ತದೆ. ಗಂಡಿಲಿಯಲ್ಲಿ ಅದು ಹಲವು ಪಟ್ಟು ದೊಡ್ಡದೆಂದು ಗೋರ್ಸ್ಕಿ ತಂಡ 1978ರಲ್ಲಿ ತೋರಿಸಿತು. ಆದರೆ ‘ಗಂಡಿನಲ್ಲಿ ಎಲ್ಲವೂ ದೊಡ್ಡದು’ ಎಂದು ಬರೆದುಬಿಡಬೇಡಿ. ಅಂಡೋತ್ಪತ್ತಿಗೆ ಬೇಕಾದ ಎಲ್‌ಎಚ್ (ಅಂಡಾಶಯ, ವೃಷಣಗಳನ್ನು ಚುರುಕಾಗಿಸುವ ಪಿಟ್ಯುಟರಿ ಹಾರ್ಮೋನು) ಉಬ್ಬರವನ್ನು ಎಬ್ಬಿಸುವ ಎವಿಪಿವಿ ಎಂಬ ಗುಚ್ಛ ಹೆಣ್ಣಿನಲ್ಲೇ ದೊಡ್ಡದು. ಒಂದೇ ಎಸ್ಟ್ರಾಡಯಾಲ್ ಒಂದು ಕಡೆ ಕೋಶ ಉಳಿಸುತ್ತದೆ, ಸ್ವಲ್ಪವೇ ಆಚೆ ಕೊಲ್ಲುತ್ತದೆ.

ಇನ್ನೊಂದು ಕಡೆ ನರಕೋಶದ ಕೊಂಬೆಗಳ ಮೇಲಿನ ಮುಳ್ಳುಗಳ (ಬೇರೆ ನರಕೋಶಗಳ ಸಂದೇಶ ಹಿಡಿಯುವ ಪುಟ್ಟ ಚಾಚುಗಳ) ಲೆಕ್ಕವೇ ಬದಲಾಗುತ್ತದೆ. ಪ್ರಿಆಪ್ಟಿಕ್ ಭಾಗದಲ್ಲಿ ಎಸ್ಟ್ರಾಡಯಾಲ್ ಕಾಕ್ಸ್-2 ಕಿಣ್ವವನ್ನು ಹೆಚ್ಚಿಸುತ್ತದೆ, ಅದರಿಂದ ಪ್ರೊಸ್ಟಗ್ಲಾಂಡಿನ್ ಇ2 ಹೆಚ್ಚುತ್ತದೆ, ಅದರಿಂದ ಮುಳ್ಳುಗಳು. ನೋವು ನಿವಾರಕ ಗುಂಪಿನ ಇಂಡೊಮೆಥಾಸಿನ್ ಅನ್ನು ಹಸುಗೂಸು ಗಂಡಿಲಿಗೆ ಕೊಟ್ಟಾಗ ದೊಡ್ಡದಾದ ಮೇಲೆ ಅದರ ಕೂಡುವ ವರ್ತನೆ ಕುಗ್ಗಿತು. ಎಸ್ಟ್ರಾಡಯಾಲ್ ಇಲ್ಲದೆ ಬರೀ ಪ್ರೊಸ್ಟಗ್ಲಾಂಡಿನ್ ಕೊಟ್ಟ ಹೆಣ್ಣಿಲಿ ಗಂಡಿನಂತೆ ವರ್ತಿಸಿತು, ಆದರೆ ಹೆಣ್ಣಿನ ವರ್ತನೆಯನ್ನೂ ಕಳೆದುಕೊಳ್ಳಲಿಲ್ಲ. ಗಂಡಾಗುವುದು, ಹೆಣ್ತನ ಅಳಿಯುವುದು ಎರಡು ಬೇರೆ ಪ್ರಕ್ರಿಯೆ. ಇದು ಪರೀಕ್ಷೆಗೆ ಒಳ್ಳೆಯ ಪ್ರಶ್ನೆ.

ಪ್ರಯೋಗ ವಿವರಿಸುವುದಿದ್ದರೆ ವಾಡಿಕೆಯ ಕ್ರಮ ಹೀಗೆ. ಹೆಣ್ಣಿಲಿಯ ಅಂಡಾಶಯ ತೆಗೆದು ಒಂದೆರಡು ವಾರ ಬಿಡುತ್ತಾರೆ. ಎಸ್ಟ್ರಾಡಯಾಲ್ ಬೆಂಜೊಯೇಟ್ 10 ಮೈಕ್ರೊಗ್ರಾಂ ಕೊಟ್ಟು 48 ಗಂಟೆ ಕಾಯುತ್ತಾರೆ. ಪರೀಕ್ಷೆಗೆ 4 ಗಂಟೆ ಮೊದಲು ಪ್ರೊಜೆಸ್ಟೆರಾನ್ 500 ಮೈಕ್ರೊಗ್ರಾಂ. ಗಂಡು ಏರಿದ 10 ಬಾರಿಯಲ್ಲಿ ಎಷ್ಟು ಬಾರಿ ಹೆಣ್ಣು ಬೆನ್ನು ತಗ್ಗಿಸಿತು ಎಂಬ ಲೆಕ್ಕವನ್ನು 100ಕ್ಕೆ ಹೊಂದಿಸಿದರೆ ಲಾರ್ಡೋಸಿಸ್ ಅಂಕ. ಎಡವುವುದು ಎರಡು ಕಡೆ: ಪ್ರೊಜೆಸ್ಟೆರಾನನ್ನು ಈಸ್ಟ್ರೋಜನ್ ಜತೆಗೇ ಕೊಟ್ಟುಬಿಡುವುದು (ಈಸ್ಟ್ರೋಜನ್ ಮೊದಲು ಕೆಲಸ ಮಾಡಿ ಪ್ರೊಜೆಸ್ಟೆರಾನ್ ಗ್ರಾಹಿಗಳನ್ನು, ಅಂದರೆ ಆ ಹಾರ್ಮೋನನ್ನು ಹಿಡಿಯುವ ಕೋಶದ ಪ್ರೋಟೀನುಗಳನ್ನು, ಎಬ್ಬಿಸಬೇಕು, ಅದಕ್ಕೆ ಹೊತ್ತು ಬೇಕು), ಮತ್ತು ಹಗಲಿನ ಬೆಳಕಿನಲ್ಲಿ ಪರೀಕ್ಷೆ ಮಾಡುವುದು. ಇಲಿ ನಿಶಾಚರಿ, ದೀಪದ ಸಮಯ ತಿರುಗಿಸಿ ಅದರ ಕತ್ತಲೆಯಲ್ಲೇ ನೋಡಬೇಕು.

ಅರೋಮಟೇಸ್ ದಾರಿಯನ್ನು ಪರೀಕ್ಷಿಸುವವರು ಡೈಹೈಡ್ರೊಟೆಸ್ಟೋಸ್ಟೆರಾನ್ ಕೊಟ್ಟ ಒಂದು ಗುಂಪನ್ನು ತಪ್ಪದೆ ಇಡುತ್ತಾರೆ. ಅದು ಈಸ್ಟ್ರೋಜನ್ ಆಗಿ ಬದಲಾಗಲಾರದು; ಅದರಿಂದ ಆದ ಪರಿಣಾಮ ಬಹುಮಟ್ಟಿಗೆ ಆಂಡ್ರೊಜನ್ (ಟೆಸ್ಟೋಸ್ಟೆರಾನ್ ಗುಂಪಿನ ಹಾರ್ಮೋನು) ಗ್ರಾಹಿಯ ಲೆಕ್ಕಕ್ಕೆ ಹೋಗುತ್ತದೆ.

---

ಗ್ರಂಥಿಕಟ್ಟೆ ಉತ್ತರ:

ಎರಡನೆಯ ಪ್ರಶ್ನೆಗೆ ನೇರ ಉತ್ತರ: ಇಲ್ಲ, ಮನುಷ್ಯರಲ್ಲಿ ಮುಖ್ಯ ದಾರಿ ಆಂಡ್ರೊಜನ್ ಗ್ರಾಹಿಯದು. ಮಾನವನ ಆಲ್ಫಾ-ಫೀಟೋಪ್ರೋಟೀನ್ ಎಸ್ಟ್ರಾಡಯಾಲನ್ನು ಹೇಳಿಕೊಳ್ಳುವಷ್ಟು ಹಿಡಿಯುವುದೂ ಇಲ್ಲ. ಪ್ರಯೋಗ ಮಾಡುವಂತಿಲ್ಲವಾದ್ದರಿಂದ ಪ್ರಕೃತಿಯೇ ಮಾಡಿಟ್ಟ ಮೂರ್ನಾಲ್ಕು ಸ್ಥಿತಿಗಳನ್ನು ತಾಳೆ ಹಾಕಿ ನೋಡಬೇಕು.

ಸಂಪೂರ್ಣ ಆಂಡ್ರೊಜನ್ ಅಸಂವೇದನೆ: ವರ್ಣತಂತು 46,ಎಕ್ಸ್‌ವೈ. ವೃಷಣ ಹೊಟ್ಟೆಯಲ್ಲಿ ಅಥವಾ ತೊಡೆಸಂದಿಯಲ್ಲಿ. ಟೆಸ್ಟೋಸ್ಟೆರಾನ್ ಗಂಡಸರಷ್ಟು ಅಥವಾ ಇನ್ನೂ ಹೆಚ್ಚು, ಎಲ್‌ಎಚ್ ಏರಿರುತ್ತದೆ, ಅರೋಮಟೇಸೂ ಈಸ್ಟ್ರೋಜನ್ ಗ್ರಾಹಿಯೂ ಸುಸ್ಥಿತಿಯಲ್ಲೇ ಇವೆ. ಕೆಟ್ಟಿರುವುದು ಎಕ್ಸ್ ವರ್ಣತಂತುವಿನ ಮೇಲಿನ ಆಂಡ್ರೊಜನ್ ಗ್ರಾಹಿಯ ಜೀನ್ ಒಂದೇ. ಇಲಿಯ ನಿಯಮ ಮನುಷ್ಯನಿಗೆ ಹೊಂದುವುದಾದರೆ ಇವರ ಮೆದುಳು ಗಂಡಾಗಬೇಕಿತ್ತು. ಆದರೆ ಬಹುತೇಕ ಎಲ್ಲರೂ ತಮ್ಮನ್ನು ಹೆಣ್ಣೆಂದೇ ಗುರುತಿಸಿಕೊಳ್ಳುತ್ತಾರೆ, ಹೆಚ್ಚಿನವರಿಗೆ ಗಂಡಸರತ್ತಲೇ ಒಲವು. ಹೆಣ್ಣಾಗಿ ಬೆಳೆಸಿದ್ದರ ಪ್ರಭಾವವೂ ಇದರಲ್ಲಿ ಸೇರಿದೆ, ಅದನ್ನು ಬೇರ್ಪಡಿಸಲಾಗದು. ಪತ್ತೆಯಾಗುವುದು ಎರಡು ಸಂದರ್ಭದಲ್ಲಿ: ಹೆಣ್ಣುಮಗುವಿನ ಹರ್ನಿಯಾ ಶಸ್ತ್ರಚಿಕಿತ್ಸೆಯಲ್ಲಿ ವೃಷಣ ಸಿಕ್ಕಾಗ, ಅಥವಾ ಸ್ತನ ಬೆಳೆದರೂ ಮುಟ್ಟಾಗದಾಗ. ಗರ್ಭಕೋಶ ಇರುವುದಿಲ್ಲ, ಕಂಕುಳಿನ ಕೂದಲು ಇಲ್ಲವೆನ್ನುವಷ್ಟು ಕಡಿಮೆ. ವೃಷಣವನ್ನು ಗಾಬರಿಯಿಂದ ತೆಗೆದುಹಾಕುವ ಕಾಲ ಹೋಯಿತು. ಹರೆಯ ಮುಗಿಯುವ ಮೊದಲು ಗಂತಿಯ ಅಪಾಯ ಕಡಿಮೆ, ಸ್ತನ ಬೆಳೆಯುವುದೂ ಆ ವೃಷಣದ ಹಾರ್ಮೋನಿನಿಂದಲೇ. ತೆಗೆದ ಮೇಲೆ ಮೂಳೆಯ ಸಲುವಾಗಿ ಈಸ್ಟ್ರೋಜನ್ ಕೊಡಲೇಬೇಕು.

ಇದರ ಇನ್ನೊಂದು ಮುಖ, ಅರೋಮಟೇಸ್ ಇಲ್ಲದ ಗಂಡಸರು. ಮೂಳೆಯ ತುದಿಗಳು ಬೆಸೆಯದೆ ಉದ್ದ ಬೆಳೆಯುತ್ತಲೇ ಹೋಗುತ್ತಾರೆ, ಮೂಳೆ ಸವೆದಿರುತ್ತದೆ, ಆದರೆ ಗುರುತು ಗಂಡಿನದೇ.

ಜನ್ಮಜಾತ ಅಡ್ರಿನಲ್ ಹಿಗ್ಗುವಿಕೆ (21-ಹೈಡ್ರಾಕ್ಸಿಲೇಸ್ ಕೊರತೆ) ಸುಮಾರು 15,000 ಹೆರಿಗೆಗೆ ಒಂದು. ಕಾರ್ಟಿಸಾಲ್ ಆಗಬೇಕಿದ್ದ ಸರಕು ಆಂಡ್ರೊಜನ್ ಕಡೆ ಹರಿಯುತ್ತದೆ. 46,ಎಕ್ಸ್‌ಎಕ್ಸ್ ಹೆಣ್ಣುಮಗುವಿನ ಹೊರ ಅಂಗಗಳು ಗಂಡಿನತ್ತ ವಾಲುತ್ತವೆ. ಆ್ಯಂಟಿ-ಮ್ಯುಲೇರಿಯನ್ ಹಾರ್ಮೋನು ಇಲ್ಲವಾದ್ದರಿಂದ ಗರ್ಭಕೋಶ ಸುರಕ್ಷಿತ. ಈ ಹುಡುಗಿಯರ ಆಟದ ಆಯ್ಕೆ ಸರಾಸರಿಯಲ್ಲಿ ಹುಡುಗರ ಕಡೆ ಸ್ಪಷ್ಟವಾಗಿ ಜರುಗಿರುತ್ತದೆ. ಹೆಂಗಸರತ್ತ ಒಲವು ಇರುವವರ ಪಾಲು ಸ್ವಲ್ಪ ಹೆಚ್ಚು, ಆದರೂ ಬಹುಪಾಲು ಮಂದಿಗೆ ಗಂಡಸರತ್ತಲೇ ಒಲವು. ಗುರುತು ಬಹುತೇಕ ಹೆಣ್ಣಿನದೇ. ಆಟ, ಒಲವು, ಗುರುತು ಎಂಬ ಮೂರರ ಮೇಲೂ ಹಾರ್ಮೋನಿನ ತೂಕ ಒಂದೇ ಅಲ್ಲ. ಟಿಪ್ಪಣಿಯಲ್ಲಿ ಇದನ್ನು ಅಡಿಗೆರೆ ಎಳೆದು ಬರೆಯಿರಿ.

ಇಲ್ಲಿ ವರ್ತನೆಗಿಂತ ಮೊದಲು ಜೀವದ ಪ್ರಶ್ನೆ. ಸುಮಾರು ಮುಕ್ಕಾಲು ಪಾಲು ಪ್ರಕರಣಗಳಲ್ಲಿ ಉಪ್ಪು ಸೋರುತ್ತದೆ. ಮೊದಲ ಮೂರು ವಾರದೊಳಗೆ ವಾಂತಿ, ತೂಕ ಇಳಿಕೆ, ಸೋಡಿಯಂ ಇಳಿದು ಪೊಟ್ಯಾಷಿಯಂ ಏರುವುದು. ಗಂಡುಮಗು ಹೊರನೋಟಕ್ಕೆ ಸರಿಯಾಗೇ ಇರುವುದರಿಂದ ತಪ್ಪಿಹೋಗುವುದು ಅವೇ. ಹಿಮ್ಮಡಿ ಚುಚ್ಚಿ 17-ಹೈಡ್ರಾಕ್ಸಿಪ್ರೊಜೆಸ್ಟೆರಾನ್ (ಕಾರ್ಟಿಸಾಲ್ ಆಗದೆ ಉಳಿದ ಸರಕು) ಅಳೆಯುವುದು 48 ಗಂಟೆ ಕಳೆದ ಮೇಲೆ. ಅದಕ್ಕೂ ಮೊದಲು ತೆಗೆದರೆ, ಅಥವಾ ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರೆ, ಅಂಕಿ ಸುಳ್ಳೇ ಏರಿರುತ್ತದೆ. ಚಿಕಿತ್ಸೆ ಹೈಡ್ರೊಕಾರ್ಟಿಸೋನ್ ದಿನಕ್ಕೆ ದೇಹದ ಮೇಲ್ಮೈಯ ಚದರ ಮೀಟರಿಗೆ 10–15 ಮಿ.ಗ್ರಾಂ, ಮೂರು ಪಾಲು ಮಾಡಿ. ಉಪ್ಪು ಸೋರುವವರಿಗೆ ಫ್ಲುಡ್ರೊಕಾರ್ಟಿಸೋನ್, ಕೂಸಿಗೆ ಜತೆಗೆ ಉಪ್ಪು. ಜ್ವರ ಬಂದಾಗ ಡೋಸ್ ಹೆಚ್ಚಿಸಲು ಮರೆಯುವುದೇ ಮುಂದೆ ಆಗುವ ಅನಾಹುತಗಳಿಗೆ ದೊಡ್ಡ ಕಾರಣ.

ಬಸುರಿನಲ್ಲೇ ತಾಯಿಗೆ ಡೆಕ್ಸಾಮೆಥಾಸೋನ್ ಕೊಟ್ಟು ತಡೆಯಬಹುದಲ್ಲ ಎಂದು ಯಾರಾದರೂ ಕೇಳಿದರೆ ಲೆಕ್ಕ ಹಾಕಿಸಿ. ತಂದೆತಾಯಿ ಇಬ್ಬರೂ ವಾಹಕರಾದರೆ ಕಾಯಿಲೆ ಬರುವುದು ನಾಲ್ಕರಲ್ಲಿ ಒಂದಕ್ಕೆ, ಅದು ಹೆಣ್ಣಾಗಿರುವುದು ಎರಡರಲ್ಲಿ ಒಂದು. ಅಂಗ ರೂಪುಗೊಳ್ಳುವ ಮೊದಲೇ ಶುರುಮಾಡಬೇಕಾದ್ದರಿಂದ ಎಂಟು ಭ್ರೂಣಕ್ಕೆ ಔಷಧ ಹೋದರೆ ಏಳಕ್ಕೆ ಅದು ಬೇಕೇ ಇರಲಿಲ್ಲ. ಮಾಮೂಲಿ ಚಿಕಿತ್ಸೆಯಾಗಿ ಇದನ್ನು ಒಪ್ಪದಿರುವುದು ಅದಕ್ಕೇ.

---

ವರ್ಣತಂತು:

ಎಲ್ಲರಿಗೂ ಧನ್ಯವಾದ. ಎರಡು ಉಪಪ್ರಶ್ನೆ. ಹುಟ್ಟಿದ ಮೇಲೆ ಹರೆಯದವರೆಗೆ ಈ ವ್ಯವಸ್ಥೆ ನಿದ್ದೆಯಲ್ಲಿರುತ್ತದೆಯೇ? ಮತ್ತೆ ಮನುಷ್ಯರ ಮೆದುಳಿನಲ್ಲಿ ಆ ‘ಗುಚ್ಛದ ಗಾತ್ರ’ದ ಸುದ್ದಿಗಳನ್ನು ಎಷ್ಟು ನಂಬಬಹುದು?

---

ನರಜಾಲ:

ನೇರ ನಿದ್ದೆಗೆ ಹೋಗುವುದಿಲ್ಲ. ಹುಟ್ಟಿದ ಮೇಲೆ ಒಂದು ಕಿರುಹರೆಯ ಬರುತ್ತದೆ: ಗಂಡುಕೂಸಿನ ಟೆಸ್ಟೋಸ್ಟೆರಾನ್ 1–3 ತಿಂಗಳಲ್ಲಿ ಶಿಖರಕ್ಕೇರಿ ಸುಮಾರು 6 ತಿಂಗಳಿಗೆ ಇಳಿಯುತ್ತದೆ. ಆಮೇಲೆ ಮೆದುಳೇ ಬ್ರೇಕು ಹಾಕುತ್ತದೆ. ಬ್ರೇಕು ಬಿಡುವ ಕೆಲಸದಲ್ಲಿ ಮುಖ್ಯವಾದದ್ದು ಹೈಪೋಥಾಲಮಸ್ಸಿನ ಕಿಸ್‌ಪೆಪ್ಟಿನ್ ನರಕೋಶಗಳು. ಅದರ ಗ್ರಾಹಿ ಕೆಟ್ಟವರಿಗೆ ಹರೆಯವೇ ಬರುವುದಿಲ್ಲ ಎಂದು 2003ರಲ್ಲಿ ಎರಡು ತಂಡಗಳು ಕಂಡುಕೊಂಡವು. ಎಂಕೆಆರ್‌ಎನ್3 ಎಂಬ ಜೀನ್ ಬ್ರೇಕಿನ ಭಾಗ. ಅದು ಕೆಟ್ಟರೆ ಹರೆಯ ಅಕಾಲದಲ್ಲಿ ಬರುತ್ತದೆ (2013).

ಕಿಸ್‌ಪೆಪ್ಟಿನ್ ತಟ್ಟಿದಾಗ ಜಿಎನ್‌ಆರ್‌ಎಚ್ ಎಂಬ 10 ಅಮೈನೊ ಆಮ್ಲಗಳ ಹಾರ್ಮೋನು ಮಿಡಿತ ಮಿಡಿತವಾಗಿ ಹೊರಡುತ್ತದೆ. ಇಲ್ಲಿ ಪ್ರಮಾಣಕ್ಕಿಂತ ತಾಳ ಮುಖ್ಯ. ಕೋತಿಗಳಲ್ಲಿ ಗಂಟೆಗೊಂದು ಮಿಡಿತ ಕೊಟ್ಟರೆ ಎಲ್‌ಎಚ್ ಏರಿತು, ಅದೇ ಹಾರ್ಮೋನನ್ನು ಬಿಡುವಿಲ್ಲದೆ ಹರಿಸಿದರೆ ಎಲ್‌ಎಚ್ ಕುಸಿಯಿತು. ಅಕಾಲ ಹರೆಯಕ್ಕೆ ಜಿಎನ್‌ಆರ್‌ಎಚ್‌ನಂತೆಯೇ ವರ್ತಿಸುವ ಲ್ಯುಪ್ರೊಲೈಡ್ ಔಷಧ ಕೊಡುವುದರ ಹಿಂದಿನ ತರ್ಕ ಇಷ್ಟೇ: ಗ್ರಾಹಿಗೆ ಉಸಿರಾಡಲು ಬಿಡದಂತೆ ಒತ್ತುತ್ತಲೇ ಇದ್ದರೆ ಅದು ಸುಸ್ತಾಗಿ ಮುಚ್ಚಿಕೊಳ್ಳುತ್ತದೆ. ಮೊದಲ ಒಂದೆರಡು ವಾರ ಹಾರ್ಮೋನು ಏರಿ ಆಮೇಲೆ ಇಳಿಯುವುದು ಸಹಜ. ಔಷಧ ಕೆಲಸ ಮಾಡಲಿಲ್ಲವೆಂದು ಆಗ ನಿಲ್ಲಿಸಬಾರದು. ಹರೆಯದ ನಿಜವಾದ ಮೊದಲ ಗುರುತು ಹುಡುಗಿಯರಲ್ಲಿ 8–13ರ ನಡುವೆ ಸ್ತನದ ಮೊಗ್ಗು, ಹುಡುಗರಲ್ಲಿ 9–14ರ ನಡುವೆ ವೃಷಣ 4 ಮಿ.ಲೀ. ಮುಟ್ಟುವುದು. ಕೂದಲು ಮಾತ್ರ ಬಂದಿದ್ದರೆ ಅದು ಅಡ್ರಿನಲ್ ಗ್ರಂಥಿಯ ಕೆಲಸವಿರಬಹುದು.

ಜಿಎನ್‌ಆರ್‌ಎಚ್ ನರಕೋಶಗಳು ಹುಟ್ಟುವುದು ಮೆದುಳಿನಲ್ಲಲ್ಲ, ಭ್ರೂಣದ ಮೂಗಿನ ಬಳಿ. ಅಲ್ಲಿಂದ ವಾಸನೆಯ ನರದ ಜಾಡು ಹಿಡಿದು ಹೈಪೋಥಾಲಮಸ್ಸಿಗೆ ನಡೆದು ಬರುತ್ತವೆ. ದಾರಿಯಲ್ಲೇ ನಿಂತುಬಿಟ್ಟರೆ ಕಾಲ್ಮನ್ ಸಿಂಡ್ರೋಮ್: ಹರೆಯವೂ ಬಾರದು, ವಾಸನೆಯೂ ತಿಳಿಯದು. ಹರೆಯ ತಡವಾದವರನ್ನು ‘ಕಾಫಿಯ ವಾಸನೆ ಬರುತ್ತದೆಯೇ’ ಎಂದು ಕೇಳುವುದು ಹರಟೆಗಲ್ಲ!

ಗಾತ್ರದ ಸುದ್ದಿಗಳಿಗೆ ಮೂರು ಜರಡಿ ಹಿಡಿಯಿರಿ. ಅಳೆದದ್ದು ಗಾತ್ರವೋ ನರಕೋಶಗಳ ಸಂಖ್ಯೆಯೋ? ಹೈಪೋಥಾಲಮಸ್ಸಿನ ಐಎನ್‌ಎಎಚ್-3 ಗುಚ್ಛ ಗಂಡಸರಲ್ಲಿ ದೊಡ್ಡದು ಎಂಬುದು ಬೇರೆ ಬೇರೆ ತಂಡಗಳಲ್ಲಿ ಮರಳಿ ಕಂಡಿದೆ. ಸಲಿಂಗಿ ಗಂಡಸರಲ್ಲಿ ಚಿಕ್ಕದು ಎಂದು ನರವಿಜ್ಞಾನಿ ಲೆವೇ 1991ರಲ್ಲಿ ಬರೆದರು, ಆದರೆ 2001ರ ಮರು ಅಧ್ಯಯನದಲ್ಲಿ ನರಕೋಶಗಳ ಸಂಖ್ಯೆಯಲ್ಲಿ ಆ ವ್ಯತ್ಯಾಸ ಸಿಗಲಿಲ್ಲ. ವ್ಯತ್ಯಾಸ ಯಾವ ವಯಸ್ಸಿನಲ್ಲಿ ಮೂಡುತ್ತದೆ? ಮೆದುಳಿನ ಸ್ಟ್ರಿಯಾ ಟರ್ಮಿನಾಲಿಸ್ ಎಂಬ ಭಾಗದ ಒಂದು ಗುಚ್ಛದಲ್ಲಿ ಗಂಡುಹೆಣ್ಣಿನ ವ್ಯತ್ಯಾಸ ಎದ್ದು ಕಾಣುವುದೇ ವಯಸ್ಕರಾದ ಮೇಲೆ (2002), ಹಾಗಾಗಿ ಅದನ್ನು ಭ್ರೂಣದ ಹಾರ್ಮೋನಿನ ನೇರ ಮುದ್ರೆ ಎನ್ನುವುದು ಕಷ್ಟ. ಮತ್ತೆ, ಒಬ್ಬರ ಇಡೀ ಮೆದುಳು ಒಂದೇ ಕಡೆ ವಾಲಿದೆಯೇ? 2015ರಲ್ಲಿ 1,400ಕ್ಕೂ ಹೆಚ್ಚು ಎಂಆರ್‌ಐ ಚಿತ್ರ ನೋಡಿದಾಗ ಬಹುತೇಕರದು ಮಿಶ್ರ. ಈ ತೀರ್ಮಾನದ ಲೆಕ್ಕ ಹಾಕುವ ಕ್ರಮದ ಬಗ್ಗೆ ಜಗಳ ಇನ್ನೂ ನಡೆದಿದೆ.

---

ಮಿಡಿತ ಉತ್ತರ:

ಉಳಿದ ಮೂರನೆಯ ಪ್ರಶ್ನೆ. ಹೇಳಲಾಗದು. 1952ರ ಗ್ರಂಟ್ ಮತ್ತು ಯಂಗ್ ಪ್ರಯೋಗ ಕೊಟ್ಟರೆ ವಿದ್ಯಾರ್ಥಿಗಳಿಗೆ ತಟ್ಟನೆ ಅರ್ಥವಾಗುತ್ತದೆ. ಗಂಡು ಗಿನಿಹಂದಿಗಳನ್ನು ಕಾಮಾಸಕ್ತಿ ಹೆಚ್ಚು, ಮಧ್ಯಮ, ಕಡಿಮೆ ಎಂದು ವಿಂಗಡಿಸಿ ವೃಷಣ ತೆಗೆದರು. ಎಲ್ಲವೂ ತಣ್ಣಗಾದವು. ಆಮೇಲೆ ಎಲ್ಲಕ್ಕೂ ಒಂದೇ ಅಳತೆಯ ಟೆಸ್ಟೋಸ್ಟೆರಾನ್. ಪ್ರತಿಯೊಂದೂ ಮರಳಿದ್ದು ತನ್ನ ಹಳೆಯ ಮಟ್ಟಕ್ಕೇ! ಹಾರ್ಮೋನು ಒಂದು ಮಿತಿಗಿಂತ ಕೆಳಗಿಳಿದರೆ ಆಸಕ್ತಿ ಕುಗ್ಗುತ್ತದೆ. ಮಿತಿಯ ಮೇಲೆ ಇನ್ನಷ್ಟು ಸುರಿದರೆ ಅಷ್ಟೇ ಏರುವುದಿಲ್ಲ. ಗಂಡಸರಲ್ಲಿ ಬರೀ ಟೆಸ್ಟೋಸ್ಟೆರಾನೂ ಅಲ್ಲ: 2013ರ ಅಧ್ಯಯನದಲ್ಲಿ ಸ್ವಂತ ಹಾರ್ಮೋನು ನಿಲ್ಲಿಸಿ ಟೆಸ್ಟೋಸ್ಟೆರಾನ್ ಜೆಲ್ ಕೊಟ್ಟರೂ, ಜತೆಗೆ ಅರೋಮಟೇಸ್ ತಡೆದವರಲ್ಲಿ ಕಾಮಾಸಕ್ತಿ ಹೆಚ್ಚು ಕುಗ್ಗಿತು. ಇಲ್ಲಿ ಮತ್ತೆ ಎಸ್ಟ್ರಾಡಯಾಲ್ ಬಂತು ನೋಡಿ, ಆದರೆ ಗುಂಡಿ ಒತ್ತುವ ಕೆಲಸಕ್ಕೆ.

ಅಳೆಯುವುದಿದ್ದರೆ ಬೆಳಿಗ್ಗೆ, ಬರಿಹೊಟ್ಟೆಯಲ್ಲಿ, ಎರಡು ಬೇರೆ ದಿನ. ಸಂಜೆಗೆ ಮಟ್ಟ ಇಳಿಯುತ್ತದೆ, ಜ್ವರದಂಥ ಕಾಯಿಲೆಯಲ್ಲಿ ಇನ್ನೂ ಇಳಿಯುತ್ತದೆ. ರಕ್ತದ ಟೆಸ್ಟೋಸ್ಟೆರಾನಿನಲ್ಲಿ ಬಿಡಿಯಾಗಿರುವುದು ಶೇ. 2ರಷ್ಟು ಮಾತ್ರ. ಬೊಜ್ಜಿದ್ದವರಲ್ಲಿ ಅದನ್ನು ಹಿಡಿಯುವ ಎಸ್‌ಎಚ್‌ಬಿಜಿ ಪ್ರೋಟೀನು ಕಡಿಮೆ, ಆದ್ದರಿಂದ ಒಟ್ಟು ಅಂಕಿ ಕಡಿಮೆ ಕಂಡರೂ ಬಿಡಿ ಪಾಲು ಸರಿಯಿರಬಹುದು. ಕಡಿಮೆ ಇದೆ ಎಂದು ಖಚಿತವಾದರೆ ಎಲ್‌ಎಚ್, ಪ್ರೊಲ್ಯಾಕ್ಟಿನ್ (ಹಾಲೂಡಿಕೆಗೆ ಸಂಬಂಧಿಸಿದ ಪಿಟ್ಯುಟರಿ ಹಾರ್ಮೋನು) ನೋಡದೆ ಮುಂದೆ ಹೋಗಬಾರದು. ಪಿಟ್ಯುಟರಿಯ ಗಂತಿಯಿಂದಲೋ ರಿಸ್ಪೆರಿಡೋನ್‌ನಂಥ ಮನೋರೋಗದ ಮಾತ್ರೆಯಿಂದಲೋ ಪ್ರೊಲ್ಯಾಕ್ಟಿನ್ ಏರಿದ್ದರೆ ಅದು ಜಿಎನ್‌ಆರ್‌ಎಚ್ ಮಿಡಿತವನ್ನೇ ಅದುಮಿರುತ್ತದೆ. ಆಗ ಟೆಸ್ಟೋಸ್ಟೆರಾನ್ ಚುಚ್ಚುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಇನ್ನೊಂದು ತಪ್ಪು ಬಹಳ ಕಡೆ ಆಗುತ್ತದೆ. ಮಕ್ಕಳಾಗಲಿಲ್ಲವೆಂದು ಬಂದವರಿಗೆ ‘ಶಕ್ತಿಗೆ’ ಎಂದು ಟೆಸ್ಟೋಸ್ಟೆರಾನ್ ಕೊಡುವುದು. ಹೊರಗಿನಿಂದ ಬಂದದ್ದನ್ನು ಕಂಡ ಮೆದುಳು ಎಲ್‌ಎಚ್ ನಿಲ್ಲಿಸುತ್ತದೆ. ವೃಷಣದೊಳಗಿನ ಟೆಸ್ಟೋಸ್ಟೆರಾನ್ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಇದ್ದದ್ದು ಕುಸಿದು ವೀರ್ಯಾಣು ಶೂನ್ಯಕ್ಕಿಳಿಯಬಹುದು. ನಿಲ್ಲಿಸಿದರೂ ಮರಳಲು ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷದ ಮೇಲೆ. ಅವರಿಗೆ ಎಚ್‌ಸಿಜಿಯಂಥ ಬೇರೆ ದಾರಿಗಳಿವೆ.

ಜೆಲ್ ಹಚ್ಚುವವರಿದ್ದರೆ ಭುಜಕ್ಕೆ ಹಚ್ಚಿ, ಒಣಗಿದ ಮೇಲೆ ಬಟ್ಟೆ ಮುಚ್ಚಿ, ಕೈಯನ್ನು ಸೋಪು ಹಾಕಿ ತೊಳೆಯಬೇಕು. ಹಚ್ಚಿದ ಚರ್ಮಕ್ಕೆ ಮೈ ತಾಗಿಸಿ ಮಗುವನ್ನು ಎತ್ತಿಕೊಂಡರೆ ಹಾರ್ಮೋನು ಮಗುವಿಗೂ ಹತ್ತುತ್ತದೆ. ಪುಟ್ಟ ಮಗುವಿಗೆ ಜನನಾಂಗದ ಬಳಿ ಕೂದಲು ಬಂದು, ವೃಷಣ ಮಾತ್ರ ಚಿಕ್ಕದಾಗೇ ಉಳಿದಿದ್ದರೆ, ಸ್ಕ್ಯಾನಿಗೆ ಬರೆಯುವ ಮೊದಲು ಮನೆಯಲ್ಲಿ ಯಾರು ಏನು ಹಚ್ಚಿಕೊಳ್ಳುತ್ತಾರೆ ಎಂದು ಕೇಳಬೇಕು.